ನೆತ್ತಿಯ ಹಂಚು

ಮಾಳಮಡ್ಡಿಯ ಹೆಣ್ಣುಮಕ್ಕಳ ಶಾಲೆಯ ಮಾಡಿನ ಮೇಲೆ
ಕುದುರೆ ಹತ್ತಿದವರಂತೆ ಕಾಲು ಇಬ್ಬದಿಗೆ ಇಳಿಬಿಟ್ಟು
ಕೂತಿದ್ದಾನೆ ಹಂಚಿನ ಮಾಬೂಸಾಬ.
ದವಡೆಯಲ್ಲಿ ಎಲೆಅಡಿಕೆ, ತೊಡೆಯ ಮೇಲೆ ಒಡೆದ ಮೂರು ಹಂಚು.

'ಅಕ್ಕಾರ, ಇಲ್ಲೆ ಕೇಳ್ರಿ.
ಈ ಕಾಲಿನ ಕಡೆ ಬಿದ್ದ ಹನಿ ಶಾಲ್ಮಲಾ ಹಿಡಕೊಂಡು
ಪಡುವಣ ಕಡಲಿಗೆ.
ಆ ಕಾಲಿನ ಕಡೀದು ಬೆಣ್ಣಿಹಳ್ಳ, ಮಲಪ್ರಭಾ, ಕೃಷ್ಣಾ,
ಅಲ್ಲಿಂದ ಮೂಡಣ ಕಡಲಿಗೆ.
ನಮ್ಮಪ್ಪ ಹೇಳಿದ್ದು. ಸುಳ್ಳಿದ್ರ ಅವನ ಗೋರಿ ಕೇಳ್ರಿ.'

ಗೋರಿ ಯಾಕೆ, ನಾನೇ ನೋಡಿ ಬಂದವಳು.
ಈ ನೌಕರಿಗೆ ಮೊದಲು ಎರಡು ಮಳೆಗಾಲ
ಬಂಗಾಳ ಕೊಲ್ಲಿಯ ಹಡಗಿನಲ್ಲಿ
ಬಾಟಲಿ ಇಳಿಸಿ, ಬಾಟಲಿ ಎತ್ತಿ,
ಉಪ್ಪಿನ ಲೆಕ್ಕ ಬರೆದವಳು.
ಕೆರೆಯನ್ನೇ ಕಡಲೆಂದುಕೊಂಡು ಬೆಳೆದ ಹುಡುಗಿ;
ಮೊದಲ ವಾರ ಬರೀ ವಾಂತಿಯ ಲೆಕ್ಕ.

ನಡುರಾತ್ರಿ ಎರಡರ ಪಾಳಿ.
ಮೇಲಿನ ಬಾಟಲಿ ಸಪ್ಪೆ, ಹಾಗಂದರೆ ಕಡಲಿಗೆ ಸಪ್ಪೆ,
ಅತ್ತೆಯ ಮೇಲಿನ ಸಿಟ್ಟಿಗೆ ಅರ್ಧ ಉಪ್ಪು ಹಾಕಿದ ಸಾರು.
ಗಂಗೆ, ಮಹಾನದಿ, ಗೋದಾವರಿ, ನಮ್ಮ ಕೃಷ್ಣೆ,
ಮೇಲಿಂದ ಒಂದೇ ಸಮ ಮಳೆ,
ಎಲ್ಲವೂ ಹಗುರಾಗಿ, ಕೊಲ್ಲಿಯ ಮೇಲೆಯೇ
ಚಾಪೆ ಬಿಡಿಸಿ ಮಲಗಿಬಿಟ್ಟಿದ್ದವು.

ಎಂಬತ್ತು ಮೀಟರಿನ ಬಾಟಲಿ ಬೇರೆ ಮಾತಾಡಿತು.
ಮುಳ್ಳು ಮೂವತ್ತೈದು ದಾಟಿತು.
ಯಂತ್ರ ಕೆಟ್ಟಿತೆಂದು ನಾನು ಮತ್ತೆ ತೊಳೆದೆ, ಮತ್ತೆ ಅಳೆದೆ.
ಪಾಣಿಗ್ರಾಹಿ ಮೇಡಂ ಚಹಾದ ಕಪ್ಪು ಕೆಳಗಿಟ್ಟು ಅಂದರು:
ಯಂತ್ರ ಸರಿಯಿದೆ. ನೀರು ಈ ಊರಿನದಲ್ಲ.
ಅರಬ್ಬಿಯದು.
ಮುಂಗಾರು ಗಾಳಿ ಹಿಂದಿನಿಂದ ತಳ್ಳಿ,
ಲಂಕೆಯ ತೆಂಕಣ ಮೂಲೆ ಸುತ್ತಿಸಿ,
ಭಾರಕ್ಕೆ ತಲೆ ತಗ್ಗಿಸಿ
ಸಿಹಿನೀರ ಚಾಪೆಯಡಿ ನುಸುಳಿ ಬಂದದ್ದು.

ಆಗ ನೆನಪಾದದ್ದು ಈ ಮಾಡು. ನಾನು ಕಲಿತದ್ದೂ ಇಲ್ಲೇ,
ಮೂರನೆಯ ಬೆಂಚು, ಸೋರುವ ಜಾಗ.

'ಹಂಗಾರ ಅಲ್ಲಿ ಎರಡೂ ಕೂಡತಾವ ಅನ್ರಿ!'
ಮಾಬೂಸಾಬ ಮೇಲಿಂದಲೇ ಹಿಗ್ಗಿದ.

ಕೂಡುವುದು ಅಷ್ಟು ಸಲೀಸಲ್ಲ, ಮಾರಾಯಾ.
ನಿನ್ನೆ ಏಳನೆಯ ಇಯತ್ತೆಯಲ್ಲಿ
ಗಾಜಿನ ಗಿಂಡಿಗೆ ನೀಲಿ ಮಸಿಯ ಉಪ್ಪುನೀರು ಹಾಕಿದೆ,
ಚಮಚೆಯ ಬೆನ್ನ ಮೇಲಿಂದ ಸಿಹಿನೀರು ಇಳಿಸಿದೆ.
ನಡುವೆ ಗೆರೆ. ಚಾಕುವಿನಿಂದ ಕೊಯ್ದಂಥ ಗೆರೆ.
ನೀಲಗಂಗಾ ಹೊಸಮನಿ ಗಂಟೆ ಹೊಡೆಯುವತನಕ ಕಣ್ಣು ಕೀಳಲಿಲ್ಲ.
'ಮಾತು ಬಿಟ್ಟಾವೇನ್ರಿ ಟೀಚರ್?'

ಮಾತು ಬಿಟ್ಟಿಲ್ಲ. ನಿಧಾನ.
ಮೇಲೆ ಬಿರುಗಾಳಿ ಎಷ್ಟೇ ಕಡೆದರೂ
ಅದರ ಕೈ ಕೆಳಗಿನತನಕ ಮುಟ್ಟುವುದಿಲ್ಲ.
ಕೆಳಗಿನ ಕೆಲಸವೇ ಬೇರೆ:
ಬೆಚ್ಚಗಿನ ಉಪ್ಪುನೀರಿನ ಅಡಿಗೆ
ಇನ್ನೂ ತಣ್ಣಗಿನ, ಇನ್ನಷ್ಟು ಸಪ್ಪೆ ನೀರು ಸಿಕ್ಕರೆ
ಶಾಖ ಮೊದಲು ದಾಟುತ್ತದೆ, ಹೊಸ್ತಿಲಲ್ಲಿ ಚಪ್ಪಲಿ ಸಹ ಬಿಡದೆ.
ಉಪ್ಪಿಗೆ ಮರ್ಯಾದೆ. ಹಿಂದೆ ಉಳಿಯುತ್ತದೆ,
ತಂಪಾಗಿ, ತೂಕವಾಗಿ,
ಆಮೇಲೆ ಬೆರಳು ಬೆರಳಾಗಿ ಇಳಿಯುತ್ತದೆ
ಕೋಲಿನ ಮೇಲೆ ಒಣಹಾಕಿದ ಶಾವಿಗೆಯ ಎಳೆಗಳ ಹಾಗೆ,
ಕತ್ತಲಲ್ಲಿ, ಯಾರೂ ಹೊಸೆಯದೆ.

ಅದು ನಿನ್ನ ಈ ಕಾಲಿನ ಹನಿಯೋ, ಆ ಕಾಲಿನದೋ,
ಬಾಟಲಿ ಹೆಸರು ಹೇಳುವುದಿಲ್ಲ.
ಒಂದು ಅಂಕಿ ಹೇಳುತ್ತದೆ, ಅಷ್ಟೇ.
ಬರುಬರುತ್ತ ಆ ಅಂಕಿಯೂ ಮೆತ್ತಗಾಗುತ್ತದೆ,
ಮೂವತ್ತೈದು ಮೂವತ್ತನಾಲ್ಕೂವರೆಯ ಕಡೆಗೆ,
ಯಾರು ಯಾರಿಗೆ ಬಿಟ್ಟುಕೊಟ್ಟರೆಂದು ತಿಳಿಯದ ಹಾಗೆ.

ಇಷ್ಟೆಲ್ಲ ಹೇಳಿ ಮುಗಿಸುವಷ್ಟರಲ್ಲಿ
ಹುಬ್ಬಳ್ಳಿ ಕಡೆಯಿಂದ ಕಪ್ಪಾಗಿ ಬಂತು.
ಮಾಬೂಸಾಬ ಅವಸರದಲ್ಲಿ ನೆತ್ತಿಯ ಹಂಚು ಕೂರಿಸಿ,
ಗಾರೆ ಮೆತ್ತಿ, ಏಣಿ ಇಳಿದ.
ಒಳಗೆ, ಮೂರನೆಯ ಬೆಂಚಿನ ಪಕ್ಕ,
ಟಪ್. ಮತ್ತೆ ಟಪ್.
ನೀಲಗಂಗಾ ಬಕೀಟು ಎಳೆದು ತಂದಿಟ್ಟಳು.

'ಟೀಚರ್, ಇದು ಯಾವ ಕಡಲಿಗ್ರಿ?'

ಮಾಬೂಸಾಬ ನನ್ನ ಮುಖ ನೋಡಿದ,
ನಾನು ಅವನದು.
ಗಿಂಡಿಯಲ್ಲಿ ನಿನ್ನೆಯ ಗೆರೆ
ತುಸು ಮೇಲೇರಿ ಮಸುಕಾಗಿತ್ತು.