ಜೂನ್ ಒಂದು

ಐವತ್ತು ಮೀಟರಿನ ಟೇಪು. ಎರಡು ಸಲ ಎಳೆದರು.
ಒಬ್ಬ ಹೈಸ್ಕೂಲಿನ ಗೇಟಿಗೆ ತುದಿ ಒತ್ತಿ ನಿಂತ,
ಇನ್ನೊಬ್ಬ ಬಿಚ್ಚುತ್ತ ಬಿಚ್ಚುತ್ತ ಬಂದ
ಇಸ್ತ್ರಿ ಬಂಡಿ ದಾಟಿ, ಖಾಜಾಹುಸೇನನ ಪಂಚರ್ ಅಂಗಡಿ ದಾಟಿ,
ಮಲಗಿದ್ದ ನಾಯಿಯ ಬೆನ್ನ ಮೇಲಿಂದ.
ಎರಡನೇ ಸಲ ಪೂರ್ತಿ ಬಿಚ್ಚಲಾಗಲಿಲ್ಲ,
ನಲವತ್ತಾರಕ್ಕೇ ನನ್ನ ಹಲಗೆ ತಾಗಿತು.
"ನಾಲ್ಕು ಮೀಟರು ಕಡಿಮೆ" ಅಂದರು ಸಾಹೇಬರು,
ಬಟ್ಟೆ ಸಾಲದ ದರ್ಜಿಯ ಹಾಗೆ.

ಆ ರಾತ್ರಿ ಓಣಿಯ ಹುಡುಗರು ನಾಲ್ವರು
ಡಬ್ಬಿ ಅಂಗಡಿ ಎತ್ತಿ ಚರಂಡಿಯ ಆಚೆ ಇಟ್ಟರು.
ಕೂಲಿ ಬೇಡ ಅಂದರು, ಜೋಡಿ ಚೀಟಿ ಕೇಳಿದರು.
ಅಡಿಕೆಯದೊಂದು, ತಂಬಾಕಿನದೊಂದು.
ಬೆರೆಸಿ ಮಾರಿದರೆ ತಪ್ಪಂತೆ,
ಬೆರೆಸುವ ಕೆಲಸ ಅಂಗೈಯದು.
ಕೊಟ್ಟೆ. ಯಾರ ವಯಸ್ಸನ್ನೂ ಕೇಳಲಿಲ್ಲ.
ಅಂಗಡಿಯೀಗ ಕಾನೂನಿನ ಒಳಗಿದೆಯೋ ಹೊರಗಿದೆಯೋ
ಸರಿಯಾಗಿ ಹೇಳಲಾರೆ.

ಬೆಳಿಗ್ಗೆ ಬೋರ್ಡು ಬರೆಸಿದೆ, ಕೆಂಪು ಬಣ್ಣ:
ಇಪ್ಪತ್ತೊಂದು ತುಂಬದವರಿಗೆ ಮಾರುವುದಿಲ್ಲ.
ಇನ್ನೂ ಒಣಗಿರಲಿಲ್ಲ, ಬಂದ ತಿಪ್ಪೇಶಿ.
ಜೀನ್ಸ್ ತೊಳೆಯುವ ಯೂನಿಟ್ಟಿನ ಹುಡುಗ,
ಬೆರಳಿಂದ ಮಣಿಕಟ್ಟಿನವರೆಗೆ ನೀಲಿ.
ಅವನು ಕೊಡುವ ಹತ್ತರ ನೋಟೂ ನೀಲಿ.
"ಮಾವ, ಒಂದು ಸಿಗರೇಟು."
"ಬಿಡಿ ಮಾರಂಗಿಲ್ಲ."
"ಹಂಗಾರೆ ಚೀಟಿ ಕೊಡು."
"ವಯಸ್ಸೆಷ್ಟು?"
ಬಿದ್ದು ಬಿದ್ದು ನಕ್ಕ.
ನಾನೂ ನಗಬೇಕಿತ್ತು, ನನ್ನ ಬಾಯಿ ಅಷ್ಟು ತೆರೆಯುವುದಿಲ್ಲ.

ಆಧಾರ್ ತೆಗೆದು ತೋರಿಸಿದ. ಜೂನ್ ಒಂದು.
ನನ್ನದೂ ಜೂನ್ ಒಂದು, ಖಾಜಾಹುಸೇನನದೂ.
ಕೌಲ್ ಬಜಾರಿನ ಅರ್ಧ ಓಣಿ ಹುಟ್ಟಿದ್ದು ಅವತ್ತೇ.
ಶಾಲೆಗೆ ಹಚ್ಚುವ ದಿನ ಹೆಡ್ಮಾಸ್ತರು ಕೇಳಿದ್ದರು,
"ಯಾವಾಗ ಹುಟ್ಯಾನಮ್ಮ?"
"ಸೀಗಿ ಹುಣ್ಣಿಮೆ ಆಗಿ ಮೂರು ದಿನಕ್ಕೆ ರೀ,
ರೊಟ್ಟಿ ಇನ್ನೂ ಹಂಚಿನ ಮೇಲೇ ಇತ್ತು."
ಹಂಚಿಗೆ ರಿಜಿಸ್ಟರಿನಲ್ಲಿ ಕಾಲಮ್ಮಿಲ್ಲ.
"ಬಲಗೈ ತಲೆ ಮೇಲಿಂದ ತಂದು ಎಡಗಿವಿ ಮುಟ್ಟೋ."
ಕಿವಿ ಸಿಕ್ಕಿತು. ಆರು ವರ್ಷ. ಜೂನ್ ಒಂದು.

ಇನ್ನೆರಡು ತಿಂಗಳು ಕಡಿಮೆ, ಅಂದೆ.
"ಓಟು ಹಾಕೀನಿ ಮಾವ,
ಆ್ಯಸಿಡ್ ತೊಟ್ಟಿಗೆ ಕೈ ಹಾಕ್ತೀನಿ,
ಅಲ್ಲಿ ಯಾರೂ ವಯಸ್ಸು ಕೇಳಂಗಿಲ್ಲ.
ಇದಕ್ಕಷ್ಟೇ ನಾನು ಸಣ್ಣವನಾ?"
ಹೌದು, ಅಂದೆ.
ಅದೊಂದೇ ಮಾತು, ಅಷ್ಟಕ್ಕೆ ನನ್ನ ಬಾಯಿ ಸಾಕು.

ನಾನು ಮೊದಲ ಚೀಟಿ ಹರಿದದ್ದು ಏಳನೇ ಕ್ಲಾಸಿನಲ್ಲಿ.
ಆಗ ಈ ಬೋರ್ಡು ಇರಲಿಲ್ಲ.
ಇದ್ದಿದ್ದರೆ? ಸುಳ್ಳು ಯಾಕೆ,
ಅದರ ಹಿಂದೆ ನಿಂತು ಹಾಕಿಕೊಳ್ಳುತ್ತಿದ್ದೆ.
ಹೋದ ವರ್ಷ ದೊಡ್ಡಾಸ್ಪತ್ರೆಯಲ್ಲಿ
ಮಗಳ ವಯಸ್ಸಿನ ಡಾಕ್ಟರಮ್ಮ ಹೇಳಿದಳು,
ಮೂರು ಬೆರಳು ಜೋಡಿಸಿ ಬಾಯಲ್ಲಿಡಿ.
ಒಂದು ಹೋಯಿತು.
ಎರಡನೆಯದು ಗೆಣ್ಣಿಗೆ ನಿಂತಿತು.
ಅವಳೂ ಸ್ಕೇಲು ಹಿಡಿದಳು. ಹದಿನೆಂಟು ಮಿಲಿಮೀಟರು.
ರೊಟ್ಟಿಯನ್ನೀಗ ಹಾಲಲ್ಲಿ ನೆನೆಸಿ ತಿನ್ನುತ್ತೇನೆ,
ಮಾರುವುದನ್ನು ಮಾತ್ರ ಬಿಟ್ಟಿಲ್ಲ.

"ತಿಪ್ಪೇಶಿ, ಕಿವಿ ಮುಟ್ಟು ನೋಡೋಣ."
ಹುಚ್ಚು ಹಿಡಿದೈತೇನು ಅನ್ನುವ ಹಾಗೆ ನೋಡಿದ,
ಆದರೂ ಮುಟ್ಟಿದ. ಎಡಗಿವಿಗೆ ನೀಲಿ ಹತ್ತಿತು.
"ಈಗ ಮೂರು ಬೆರಳು ಬಾಯಾಗಿಡು."
ಇಟ್ಟ. ಮೂರೂ ಹೋದವು, ಸಲೀಸಾಗಿ.
ಒಳಗಿಂದಲೇ ಏನೋ ಬೈದ, ತಿಳಿಯಲಿಲ್ಲ.
ನಾನು ಎಣಿಸಿದೆ. ಮತ್ತೊಮ್ಮೆ ಎಣಿಸಿದೆ.

ಉಗುಳಿ, ತುಟಿ ಒರೆಸಿಕೊಂಡು
ಸರ್ಕಲ್ಲಿನ ಕಡೆ ನಡೆದ.
ಅಲ್ಲಿ ಕೊಡುತ್ತಾರೆ, ಗೊತ್ತು.
ಪೆನ್ನಿನಂಥದೊಂದು ಕೂಡ ಸಿಗುತ್ತದಂತೆ ಕದ್ದುಮುಚ್ಚಿ,
ಎಳೆದರೆ ಮಾವಿನಹಣ್ಣಿನ ವಾಸನೆ.
"ಜೂನ್ ಒಂದಕ್ಕೆ ಬಾರಪ್ಪಾ" ಅಂತ ಕೂಗಿದೆ.
ಅವತ್ತು ನನ್ನ ಹುಟ್ಟಿದಹಬ್ಬ,
ಅಂಗಡಿ ಮುಚ್ಚಿರುತ್ತದೆ.
ಜೂನ್ ಎರಡಕ್ಕೆ ಏನು ಮಾಡುವುದೋ
ಇನ್ನೂ ಯೋಚಿಸಿಲ್ಲ.