ಮೂವತ್ತೈದು ನಲವತ್ತೈದು

ದೇಶಗಳು ನನಗೆ ಗೊತ್ತಿರುವುದು ಅಳತೆಯಿಂದ.
ಒಂದಕ್ಕೆ ಚೌಕ, ಒಂದಕ್ಕೆ ಮೂವತ್ತೈದು ನಲವತ್ತೈದು,
ಒಂದಕ್ಕೆ ಹಿಂದೆ ಬಿಳಿ ಬೇಕು, ಇನ್ನೊಂದಕ್ಕೆ ಬಿಳಿ ಆಗದು,
ಎಲ್ಲಕ್ಕೂ ಎರಡು ಕಿವಿ.
ನಗುವುದನ್ನು ಯಾವ ದೇಶವೂ ಒಪ್ಪುವುದಿಲ್ಲ.

ದುರ್ಗದ ಆನೆಬಾಗಿಲಿನ ಹತ್ತಿರ, ನಾಲ್ಕು ಮೆಟ್ಟಿಲು ಇಳಿದರೆ ನನ್ನ ಸ್ಟುಡಿಯೋ.
ಮೇಲೆ ಬಂಡೆ, ಬಂಡೆಯ ಮೇಲೆ ಕೋಟೆ, ಕೋಟೆಯ ಮೇಲೆ
ಕೈ ಚಾಚಿ ಸೆಲ್ಫಿ ತೆಗೆಯುವ ಶಾಲೆ ಮಕ್ಕಳು.
ನನ್ನ ಹತ್ತಿರ ಬರುವವರು ಬೇರೆ:
ಪಡಿತರ ಚೀಟಿ, ಹಾಲ್ ಟಿಕೆಟ್,
ಸತ್ತವರ ಫೋಟೋಕ್ಕೆ ಒಂದು ಕೋಟು.

ಮತ್ತೆ ಮಾರಕ್ಕ.

ಚಳ್ಳಕೆರೆ ಕಂಬಳಿ ಸೊಸೈಟಿಯಲ್ಲಿ ಇಪ್ಪತ್ತೊಂಬತ್ತು ವರ್ಷ
ಕುರಿ ಲೆಕ್ಕ, ಉಣ್ಣೆ ಲೆಕ್ಕ, ಹುಳ ತಿಂದ ಕಂಬಳಿ ಲೆಕ್ಕ ಬರೆದು
ಒಂದು ದಿನ ಪುಸ್ತಕ ಮುಚ್ಚಿ ಬಂದು ಸ್ಟೂಲಿನ ಮೇಲೆ ಕೂತಳು.
“ಓಬಳೇಶಣ್ಣ, ತಜಿಕಿಸ್ತಾನಕ್ಕೆ ಎಷ್ಟು?”
“ಎಂಟು ಕಾಪಿಗೆ ಎಂಬತ್ತು” ಅಂದೆ.
ಆಮೇಲೆ ಕೊಮೊರೋಸ್. ಆಮೇಲೆ ಗಿನಿ ಬಿಸಾವು.
“ಅಲ್ಲಿ ಏನೈತೆ ನೋಡಾಕೆ?”
“ಗೊತ್ತಿಲ್ಲ. ಅದಕ್ಕೇ.”

ಬಂದಾಗ ತರುವುದು ಒಂದು ಕಾರ್ಡು, ಉಗುರಿನಷ್ಟು,
ಸೆರಗಿನ ಗಂಟಿನಲ್ಲಿ.
ನಾಲ್ಕು ಆರರಲ್ಲಿ ಪ್ರಿಂಟು ಹಾಕುವುದು ನನ್ನ ಕೆಲಸ.
ಪ್ರಿಂಟರಿನ ಬಾಯಿಂದ ಸೀಮೆಗಳು ಬಿಸಿಬಿಸಿ ಬೀಳುತ್ತವೆ,
ಹಪ್ಪಳದ ಹಾಗೆ ಟೇಬಲ್ಲಿನ ಮೇಲೆ ಹರವುತ್ತೇನೆ.
ಕತ್ತೆ. ಬೇಲಿ. ಅರ್ಧ ಬಣ್ಣ ಹಚ್ಚಿದ ದೋಣಿ.
ಬ್ರೆಡ್ಡು ಹೊತ್ತ ಹುಡುಗನ ಬೆನ್ನು.
ಇಡೀ ಗಿನಿ ಬಿಸಾವುವಿನಲ್ಲಿ ಒಂದು ಗೋಪುರವೂ ಸಿಗಲಿಲ್ಲವೇ ತಾಯಿ
ಎಂದು ಕೇಳಬೇಕೆನಿಸಿ, ಕೇಳಲಿಲ್ಲ.

ಒಮ್ಮೆ ಜಗಳವಾಯಿತು.
ಆಕಾಶ ಮಾಸಿತ್ತು, ಮಣ್ಣು ಬಣ್ಣ. ನಾನು ಒಳ್ಳೆಯದಕ್ಕೇ
ಮೌಸು ಎಳೆದು ನೀಲಿ ತುಂಬಿದೆ, ಜೋಗಿಮಟ್ಟಿಯ ಮೇಲೆ
ನವೆಂಬರಿನಲ್ಲಿ ಇರುತ್ತದಲ್ಲ, ಆ ನೀಲಿ.
ಅವಳು ಬಹಳ ಹೊತ್ತು ನೋಡಿದಳು.
“ಇದು ನಮ್ಮ ಆಕಾಶ ಕಣಣ್ಣ.
ಅವರದನ್ನ ಎಲ್ಲಿಟ್ಟೆ?”
ಮೂವತ್ತೆರಡು ಪ್ರಿಂಟು ಮತ್ತೆ ಹಾಕಿದೆ, ದುಡ್ಡು ಮುಟ್ಟದೆ.
ಈಗಲೂ ಸತ್ತವರಿಗೆ ಕೋಟು ತೊಡಿಸುವಾಗ
ಕೈ ಒಂದು ಗಳಿಗೆ ನಿಲ್ಲುತ್ತದೆ.

ಈ ಸಲ ಮಾರಿಟಾನಿಯಾ.
ಅದಿರಿನ ರೈಲು, ತುದಿಮೊದಲಿಲ್ಲದ್ದು. ಮುಚ್ಚಳವಿಲ್ಲದ ಡಬ್ಬಿಯಲ್ಲಿ
ಅದಿರಿನ ಗುಡ್ಡೆಯ ಮೇಲೆ ಚಳ್ಳಕೆರೆಯ ಕರಿ ಕಂಬಳಿ ಹಾಸಿ
ರಾತ್ರಿಯಿಡೀ ಕೂತು ಹೋಗಿದ್ದಾಳೆ.
ಪಕ್ಕದಲ್ಲಿ ಇಬ್ಬರು ಗಂಡಸರು, ಒಂದು ಮೇಕೆ.
ಕಂಬಳಿಯಲ್ಲಿ ಅರ್ಧ ಮೇಕೆಗೆ.
ಮುಖಗಳೆಲ್ಲ ಭೀಮಸಮುದ್ರದ ಲಾರಿಗಳ ಹಿಂದೆ
ಬೈಕಿನಲ್ಲಿ ಬಂದವರ ಮುಖ.
ನಾನು ಬಣ್ಣ ಮುಟ್ಟಲಿಲ್ಲ.

ಕೊನೆಯ ಚಿತ್ರಕ್ಕೆ ಪ್ರಿಂಟರು ತಡವರಿಸಿತು.
ಒಂದು ಕೋಣೆ. ಬಿಳಿ ಬೆಡ್‌ಶೀಟು, ಎರಡು ಮೊಳೆ. ಸ್ಟೂಲು.
ಪಕ್ಕದಲ್ಲಿ ನಿಂತವನು ನನ್ನ ವಯಸ್ಸಿನವನು, ನನ್ನ ಹಾಗೇ
ಕನ್ನಡಕ ಹಣೆಗೇರಿಸಿ, ಎರಡು ಬೆರಳು ಗಾಳಿಯಲ್ಲಿ:
ಗದ್ದ ಸ್ವಲ್ಪ ಕೆಳಗೆ.
ಆ ಬೆರಳು ನನಗೆ ಗೊತ್ತು.

“ನುವಾದಿಬು ಅಂತ ಊರು. ವೀಸಾಕ್ಕೆ ಫೋಟೋ ಕಮ್ಮಿ ಬಿತ್ತು.
ನೀನು ತೆಗೆದದ್ದು ಒಂದು ಉಳಿದಿತ್ತು, ತೋರಿಸಿದೆ.
ತಿರುಗಿಸಿ ಮುರುಗಿಸಿ ನೋಡಿ,
ಎಡಗಡೆ ಬೆಳಕು ಒಂದಿಷ್ಟು ಜಾಸ್ತಿ ಅಂದ.”
ಜಾಸ್ತಿಯೇ. ಆ ಟ್ಯೂಬು ಬದಲಿಸಬೇಕೆಂದು ಎರಡು ವರ್ಷದಿಂದ.
“ಅವನ ಮುಖ ಕೇಳಿದೆ, ಕೊಟ್ಟ. ನಿನ್ನದು ಕಳಿಸು ಅಂದವನೆ.”

ನನ್ನದಾ?
ಡ್ರಾಯರು, ಟ್ರಂಕು, ನೆಗೆಟಿವ್ ತುಂಬಿದ ಹಾರ್ಲಿಕ್ಸ್ ಡಬ್ಬಿ,
ಎಲ್ಲ ತಡಕಾಡಿದೆ. ಇಡೀ ದುರ್ಗವಿದೆ.
ನಾನಿಲ್ಲ.

ಮಾರಕ್ಕ ಕ್ಯಾಮೆರಾ ಎತ್ತಿದಳು.
ಈ ಸ್ಟೂಲು ಇಷ್ಟು ಗಿಡ್ಡವೆಂದು ಯಾರೂ ಹೇಳಿರಲಿಲ್ಲ,
ಕಾಲು ಎಲ್ಲಿಡಬೇಕೋ ತಿಳಿಯಲಿಲ್ಲ.
“ಅಳತೆ?” ಅಂದೆ.
“ಏನೂ ಹೇಳಿಲ್ಲ.”
“ಹಿನ್ನೆಲೆ?”
“ಅದೂ ಇಲ್ಲ. ಸುಮ್ಮನೆ ಕೂತ್ಕೋ.”

ಬಾಗಿಲು ತೆರೆದಿತ್ತು. ಮೆಟ್ಟಿಲಿಳಿದು ಬಂದ ಬಿಸಿಲು,
ಹಿಂದೆ ಯಾರದೋ ಬೈಕು.
ಕಿವಿ ಎರಡೂ ಕಂಡವೋ ಇಲ್ಲವೋ.