ಹನ್ನೊಂದು ನೂಲು

ತಲಿ ಅಳತಿ ತುಗೊ, ಅಂದ್ರು ಪೆಟ್ಟಿಗಿ ಸಾಹೇಬ್ರು.
ಖರೇ ಹೆಸರು ಪೆಟ್ಟಿಗ್ರೂ;
ಮಿರಜಿನ ಬಾಯಿಗೆ ಅಷ್ಟೇ ಬಂತು.
ಕಾಲಿನ ಅಳತಿ ಬಲ್ಲವ ನಾನು, ಸಮಗಾರ ಯಲ್ಲೋಬಾ,
ಹಿಮ್ಮಡ ನೋಡಿ ಊರು ಹೇಳತಿದ್ದೆ:
ಎರಿ ಮೆತ್ತಿದ್ದು ಕೃಷ್ಣಾ ದಂಡಿ, ಹರಳು ಕಡದದ್ದು ಜತ್ತ.
ತಲಿ ನನಗ ಹೊಸಾದು.

ಡಾಕ್ಟರಕಿ ಕಲಿಯೋ ಹುಡುಗರು, ಹನ್ನೊಂದು ಮಂದಿ,
ಸಾಲಾಗಿ ನಿಂತಿದ್ರು, ನನ್ನಿಂದ ಒಂದು ಮಾರು ದೂರ.
ನೂಲು ಕತ್ತರಿಸಿ ಕಟ್ಟಿ ಮ್ಯಾಲ ಇಟ್ಟೆ.
ತಾವೇ ಎತ್ತಿಕೊಂಡು, ಹಣಿಗೆ ಸುತ್ತಿ, ಗಂಟು ಹಾಕಿ
ಒಗದ್ರು ನನ್ನ ಕಡೆ.
ಎಮ್ಮಿ ತೊಗಲು, ಒಳಗ ಹಳೇ ಜಮಖಾನಿ ಚೂರು, ಕಿವಿಗೆ ತೂತು.
ಎಂಟು ದಿನಕ್ಕ ಹನ್ನೊಂದು ಟೊಪಗಿ.
ಮೆಟ್ಟೋ ತೊಗಲು ನೆತ್ತಿಗೇರಿತಲ್ಲೋ ಅಂತ ಪ್ಯಾಟಿ ನಕ್ಕಿತು.
ನಾನು ನಗಲಿಲ್ಲ. ನಕ್ಕರ ಕೂಲಿ ಹೋದೀತು.

ಚೆಂಡಂತೂ ಚೆಂಡಲ್ಲ.
ತಂಬೂರಿ ಮಾಡೋ ಬಾದಶಾಮಿಯಾ ತಿರುವಿ ತಿರುವಿ ನೋಡಿ
ಈ ಕುಂಬಳ ಬಳ್ಳ್ಯಾಗೇ ಕೆಟ್ಟದ, ಅಂದ.
ನೆಲಕ್ಕ ಬಿಟ್ರ ಸಾಲ ಮಾಡಿದವನಂಗ
ಯಾವ ಸಂದಿ ಹಿಡೀತದೋ ತಿಳೀದು.
ನಾಕು ಸರತಿಗೆ ಹತ್ತು ಗಜ ಸರೀಬೇಕು,
ಇಲ್ಲಂದ್ರ ಚೆಂಡು ಅವರ ಪಾಲು.
ಗಜ ಅಳೀಲಿಕ್ಕೆ ದವಾಖಾನಿ ಬಾವಿ ಹಗ್ಗ ಬಿಚ್ಚಿ ತಂದಿದ್ರು;
ಆಟ ಮುಗಿಯೂತನಾ ರೋಗಿಗಳಿಗೆ ನೀರಿಲ್ಲ.

ಮಾರ್ಗಶಿರದಾಗ ಬೆಳಗಾವಿ ಕ್ಯಾಂಪಿನ ಗೋರಾ ಸಿಪಾಯಿಗಳು.
ಅವರದು ಮೂವತ್ತೆಂಟು, ನಮ್ಮದು ಸೊನ್ನಿ.
ಸೊನ್ನೀನೂ ಚೆಂಡಿನಂಗೇ ಇರತದಲ್ಲ, ಅಂದ
ಹಲಗಿ ಮ್ಯಾಲ ಬರಿಯೋ ಕ್ರಿಸ್ತಾನರ ಯೋನಾ.
ಆಮ್ಯಾಲ ರೇಲ್ವೆ ಶೆಡ್ಡಿನವರು.
ತೊಡಿ ತಟ್ಟಿ, ಉಸಿರು ಕಟ್ಟಿ, ಹುತುತು ಅನಕೋತನೇ ಒಳಗ ಬಂದ್ರು;
ಪುಣೆ ಗಾಡಿಯ ಸಿಳ್ಳು ಕೇಳಿದ್ದೇ ಅರ್ಧಕ್ಕ ಬಿಟ್ಟು ಓಡಿದ್ರು.
ಗೆದ್ದವರ್ಯಾರು, ಸಾಹೇಬರೂ ಬರಕೊಳ್ಳಲಿಲ್ಲ.

ಸಂಕ್ರಾಂತಿ ಮರುದಿನ ಕೊಲ್ಲಾಪುರ ತಾಲೀಮಿನ ಪೈಲವಾನರು.
ಮೈತುಂಬ ಎಣ್ಣಿ, ಹಿಡದ್ರ ಮೀನು.
ನಮ್ಮ ಕಡೆ ಪಾಯಗೊಂಡ, ಕಾಗವಾಡದ ಜೈನರ ಹುಡುಗ.
ಹೊತ್ತು ಮುಳುಗೂದರೊಳಗ ಉಣ್ಣಾವ, ನೀರು ಸೋಸಿ ಕುಡಿಯಾವ,
ಮೊದಲ ವಾರ ಅಂಗಿ ತೋಳು ಮುಂದ ಜಗ್ಗಿ
ಅದರಿಂದ ಚೆಂಡು ಮುಟ್ಟತಿದ್ದ.
ಅವತ್ತು ನೋಡಬೇಕಿತ್ತು.
ನಾ ಹೊಲದದ್ದನ್ನ ಎದಿಗವಚಿ, ಕೂಸಿನಂಗ, ಕದ್ದ ಕೂಸಿನಂಗ,
ಮೂವರು ಪೈಲವಾನರನ್ನ ಸೊಂಟಕ್ಕ ಎಳಕೊಂಡು
ಸುಣ್ಣದ ಗೆರಿ ದಾಟಿ ಬಿದ್ದ.
ಆರು!
ಎಲ್ಲಾರೂ ಚೀರಿದ್ರು. ನಾನೂ.

ಏಳಲಿಲ್ಲ ಅವ.
ಹಣಿ ಒಡದು ರಕ್ತ ಟೊಪಗಿಯೊಳಗ ಇಳದು
ಗದ್ದದ ಪಟ್ಟಿ ತೊಯ್ದು ಬಿಗದಿತ್ತು.
ನಾಳಿನ ಡಾಕ್ಟರು ಹತ್ತು ಮಂದಿ ಜಗ್ಗಿದ್ರು, ಬರಲಿಲ್ಲ.
ಸಮಗಾರನ್ನ ಕರೀರಿ, ಅಂದ ಯಾರೋ.
ರಂಪಿ ಹಿಡಕೊಂಡು ಮೊಣಕಾಲೂರಿದೆ.
ಕಣ್ಣು ತೆರದು ನನ್ನ ಕೈ ನೋಡಿದ, ಕೈಯಾಗಿನ ರಂಪಿ ನೋಡಿದ.
ಸಾವಕಾಶ, ಅಂದ.
ನಾ ಹಾಕಿದ ಹೊಲಿಗಿ ನಾನೇ ಕೊಯ್ದೆ.
ಬಿಸಿ ಇತ್ತು ತಲಿ. ಕೂದಲದಾಗ ಬೆವರು, ಹುಲ್ಲಿನ ಕಡ್ಡಿ.

ಸಾಂಗಲಿ ಕೂಡ ಆಡೋದು ಆಗಲೇ ಇಲ್ಲ.
ಅಮೇರಿಕಾದಾಗ ಬ್ಯಾಂಕು ಮುಳುಗಿದವಂತ;
ಬರೋ ರೊಕ್ಕ ನಿಂತು, ಹೋಳಿ ಮುಂದ
ಸಾಹೇಬರು ಮುಂಬೈ ಗಾಡಿ ಹತ್ತಿದ್ರು.
ಫೋಟೋ ತಗಿಸ್ಯಾರ, ದವಾಖಾನಿ ಗ್ವಾಡಿ ಮ್ಯಾಲ ಅದ:
ಹನ್ನೊಂದು ಟೊಪಗಿ, ನಡುವ ಚೆಂಡು.
ಕಡೀ ಸರತಿ ಹೊಲದ ಕೂಲಿ ಆರಾಣೆ ಬರಬೇಕು ನನಗ.
ಬ್ಯಾಂಕು ಮುಳುಗಿದವರಿಗೆ ಏನು ಕೇಳೂದು.

ನೂಲು ಇನ್ನೂ ಅದಾವ, ಉಳಿ ಇಡೋ ಡಬ್ಬ್ಯಾಗ,
ಗಂಟು ಬಿಚ್ಚಿಲ್ಲ.
ಪಾಯಗೊಂಡಂದು ಕತ್ತಲದಾಗೂ ಆರಿಸಿ ಕೊಟ್ಟೇನು:
ಎಲ್ಲಕ್ಕಿಂತ ಎರಡು ಬೆರಳು ಉದ್ದ.
ದೊಡ್ಡ ತಲಿ ಅವಂದು.
ಅಂಥಾ ತಲಿಗೆ ಮತ್ತ ನಾ ಏನೂ ಹೊಲದಿಲ್ಲ.